ಅಂಗೈಯಗಲದ ಗಣಕ ಮತ್ತು ರಾತ್ರಿಯ ಕರೆಂಟು

ಕೃಷ್ಣೆಯು ಮಹಾರಾಷ್ಟ್ರದ ಸೀಮೆಯನ್ನು ಬಿಟ್ಟು ಕರ್ನಾಟಕದೊಳಗೆ ಅಡಿಯಿಡುವ ಎಡೆಯಲ್ಲಿ ಹಬ್ಬಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳಲ್ಲಿ ಯಂತ್ರವನ್ನು ಕಂಡು ಬೆರಗಾಗುವ ಕಾಲವು ಮುಗಿದು ಎರಡು ಮೂರು ತಲೆಮಾರುಗಳೇ ಸಂದಿವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನಿಟ್ಟು, ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಕೈಹಚ್ಚಿ, 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು; ಕಬ್ಬಿಣವು ತಾಗಿದರೆ ಭೂಮಿಗೆ ವಿಷವೇರುವುದೆಂಬ ಶಂಕೆಯಿಂದ ಆ ನೇಗಿಲನ್ನು ಮೊದಮೊದಲು ಕೊಳ್ಳಲೊಲ್ಲದೆ ಹೋದ ಪೀಳಿಗೆಯ ಮೊಮ್ಮಕ್ಕಳು ಇಂದು ಅದೇ ಹೆಸರಿನ ಪಂಪನ್ನು ಬಾವಿಗಿಳಿಸಿ, ಅದರ ಸದ್ದಿನಲ್ಲಿ ಕಿಂಚಿತ್ತು ವ್ಯತ್ಯಾಸವಾದರೂ ಬೇರಿಂಗು ಹೋಯಿತೆಂದು ಮಲಗಿದಲ್ಲಿಂದಲೇ ಹೇಳಬಲ್ಲವರಾಗಿದ್ದಾರೆ. ಈ ಸೀಮೆಯ ಉಗಾರದಲ್ಲಿ ಸಕ್ಕರೆ ಕಾರ್ಖಾನೆಯೂ 1939ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಇಂತಹ ಜನದ ಮುಂದೆ ಹೊಸ ಯಂತ್ರವೊಂದನ್ನು ತಂದಿಡುವವನು ಅದರ ಮಹಿಮೆಯನ್ನು ಬಣ್ಣಿಸುವ ಶ್ರಮವನ್ನು ಉಳಿಸಿಕೊಳ್ಳಬಹುದು. ಅವರು ಕೇಳುವ ಪ್ರಶ್ನೆಯು ಒಂದೇ, ಇದರಿಂದ ನಮ್ಮ ಮನೆಗೂ ತೋಟಕ್ಕೂ ಆಗುವುದೇನು ಎಂಬುದು.

ನಾನು ಹೇಳಹೊರಟಿರುವ ವಸ್ತುವು 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲದ ಒಂದು ಹಸಿರು ಫಲಕ. ರಾಸ್ಪ್‌ಬೆರಿ ಪೈ ಎಂಬುದು ಅದರ ಹೆಸರು. ಪರದೆಯಿಲ್ಲ, ಕೀಲಿಮಣೆಯಿಲ್ಲ, ಮೇಲುಹೊದಿಕೆಯ ಪೆಟ್ಟಿಗೆಯೂ ಇಲ್ಲ. ಆದರೂ ಗಣಕಯಂತ್ರಕ್ಕೆ ಅವಶ್ಯವಾದ ಸಂಸ್ಕಾರಕ, ಸ್ಮೃತಿಕೋಶ, ಟಿ.ವಿ.ಗೆ ಜೋಡಿಸುವ ಕಿಂಡಿ, ಜಾಲಕ್ಕೆ ಸೇರುವ ರೇಡಿಯೋ, ಇಷ್ಟೂ ಆ ಅಂಗೈಯಗಲದಲ್ಲಿ ಅಡಕವಾಗಿವೆ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಲು ಕಾರಣವಾದದ್ದು ವ್ಯಾಪಾರದ ಹಂಬಲವಲ್ಲ. ಗಣಕವಿಜ್ಞಾನವನ್ನು ಓದಬಯಸಿ ವಿಶ್ವವಿದ್ಯಾಲಯಕ್ಕೆ ಬರುವ ಹುಡುಗರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದುದನ್ನೂ, ಬಂದವರಿಗೂ ಯಂತ್ರವನ್ನು ಬಳಸುವುದು ಮಾತ್ರವೇ ತಿಳಿದಿದ್ದು ಅದರಿಂದ ಕೆಲಸ ಮಾಡಿಸುವ ವಿದ್ಯೆಯು ತಿಳಿಯದಿದ್ದುದನ್ನೂ ಕಂಡ ಅಧ್ಯಾಪಕರ ಚಿಂತೆಯೇ ಅದರ ಮೂಲ. ಅವರ ಬಾಲ್ಯದಲ್ಲಿ, ಅಂದರೆ 1981ರ ಸುಮಾರಿಗೆ, ಅದೇ ಊರಿನ ಏಕಾರ್ನ್ ಎಂಬ ಸಂಸ್ಥೆಯು ಮಾಡಿದ ಬಿ.ಬಿ.ಸಿ. ಮೈಕ್ರೊ ಎಂಬ ಗಣಕವಿತ್ತು. ಗುಂಡಿಯೊತ್ತಿದೊಡನೆ ಅದು ಆಟವನ್ನಾಗಲಿ ಚಿತ್ರವನ್ನಾಗಲಿ ತೋರಿಸದೆ, ಏನು ಅಪ್ಪಣೆಯೆಂದು ಖಾಲಿ ಪರದೆಯಲ್ಲಿ ಕಾಯುತ್ತಿತ್ತು. ಆ ಸಂಸ್ಥೆಯ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬಿಬ್ಬರು 1985ರ ವೇಳೆಗೆ ಸಿದ್ಧಪಡಿಸಿದ ಆರ್ಮ್ ಎಂಬ ಸಂಸ್ಕಾರಕದ ಸಂತತಿಯೇ ಇಂದು ನಮ್ಮೆಲ್ಲರ ಮೊಬೈಲುಗಳಲ್ಲಿಯೂ ಈ ಫಲಕದಲ್ಲಿಯೂ ಇರುವುದು. 2012ರ ಫೆಬ್ರವರಿ 29ರಂದು 35 ಡಾಲರಿನ ಬೆಲೆಯಲ್ಲಿ ಇದು ಮಾರಾಟಕ್ಕೆ ಬಂದಾಗ ಕೊಳ್ಳುವವರ ನೂಕುನುಗ್ಗಲನ್ನು ತಾಳಲಾರದೆ ಮಾರುವವರ ಜಾಲತಾಣಗಳು ಕುಸಿದವು. 2015ರ ನವೆಂಬರಿನಲ್ಲಿ ಬಂದ ಜೀರೋ ಎಂಬ ಚಿಕ್ಕ ರೂಪವು 5 ಡಾಲರಿನದಾಗಿದ್ದು, ಒಂದು ಮಾಸಪತ್ರಿಕೆಯ ರಕ್ಷಾಪುಟದ ಮೇಲೆ ಅಂಟಿಸಿ ಉಚಿತವಾಗಿ ಹಂಚಲ್ಪಟ್ಟಿತು. ಡಾಲರಿನಲ್ಲಿ ಹೇಳಿದ ಬೆಲೆಯು ಸುಂಕ, ಸಾಗಾಟ, ಅಂಗಡಿಯವನ ಲಾಭ ಇವೆಲ್ಲವನ್ನೂ ಹೊತ್ತುಕೊಂಡು ನಮ್ಮ ಪೇಟೆಗೆ ಬರುವಷ್ಟರಲ್ಲಿ ಬೆಳೆದಿರುತ್ತದೆಂಬುದನ್ನು ಓದುಗರು ಬಲ್ಲರು.

ಕನ್ನಡ ನಾಡು ಈ ವಿಚಾರದಲ್ಲಿ ಕೇವಲ ಕೊಳ್ಳುವ ನಾಡಾಗಿ ಉಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಎಂಬ ಸಂಸ್ಥೆಯವರೊಡಗೂಡಿ 2001ರಲ್ಲಿಯೇ ಸಿಂಪ್ಯೂಟರ್ ಎಂಬ ಅಲ್ಪಬೆಲೆಯ ಕೈಗಣಕವನ್ನು ಲೋಕಕ್ಕೆ ತೋರಿಸಿದ್ದರು. ಅದರ ಒಳಗೂ ಆರ್ಮ್ ಕುಲದ ಸಂಸ್ಕಾರಕವಿತ್ತು, ಮೇಲೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಿತ್ತು, ಅಕ್ಷರ ಬಾರದವನಿಗಾಗಿ ಬರೆದುದನ್ನು ಓದಿಹೇಳುವ ವ್ಯವಸ್ಥೆಯ ಯೋಚನೆಯಿತ್ತು, ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲೆಂದು ಒಬ್ಬೊಬ್ಬರಿಗೂ ಪ್ರತ್ಯೇಕ ಸ್ಮಾರ್ಟ್ ಕಾರ್ಡಿನ ಏರ್ಪಾಡಿತ್ತು. 2004ರಲ್ಲಿ ಅದು ಪೇಟೆಗೆ ಬಂದಿತಾದರೂ ನಿರೀಕ್ಷೆಯಂತೆ ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಯ ಬಾಗಿಲಿಗೆ ಬಂದಿತ್ತೆಂಬುದು ಸಾಮಾನ್ಯವಾಗಿ ಹೇಳುವ ಕಾರಣ. ನನಗೆ ತೋರುವ ಮತ್ತೊಂದು ಕಾರಣವುಂಟು. ಸಿಂಪ್ಯೂಟರ್ ಪೂರ್ಣಗೊಂಡ ಉಪಕರಣವಾಗಿತ್ತು. ಕೊಂಡವನಿಗೆ ಅದರಲ್ಲಿ ತಾನು ಮಾಡಬೇಕಾದದ್ದೇನೂ ಉಳಿದಿರಲಿಲ್ಲ. ಅದನ್ನು ಮೊದಲು ತೋರಿಸಿದ ಹನ್ನೊಂದು ವರ್ಷಗಳ ಅನಂತರ ಬಂದ ಈ ಫಲಕವು ಅಪೂರ್ಣವಾಗಿಯೇ ಕೈಸೇರುತ್ತದೆ. ಪೂರ್ಣಗೊಳಿಸುವ ಭಾರವೂ ಸ್ವಾತಂತ್ರ್ಯವೂ ಕೊಂಡವನದೇ.

ಆ ಸ್ವಾತಂತ್ರ್ಯಕ್ಕೆ ದ್ವಾರವಾಗಿರುವುದು ಫಲಕದ ಅಂಚಿನಲ್ಲಿ ಎರಡು ಸಾಲಾಗಿ ನಿಂತಿರುವ 40 ಪಿನ್ನುಗಳು. ಅವುಗಳಲ್ಲಿ ಹಲವನ್ನು ನಾವು ಬರೆದ ಆಜ್ಞೆಯಿಂದ 3.3 ವೋಲ್ಟಿಗೆ ಏರಿಸಬಹುದು, ಸೊನ್ನೆಗೆ ಇಳಿಸಬಹುದು. ಇಲ್ಲವೆ, ಹೊರಗಿನಿಂದ ಬಂದ ತಂತಿಯಲ್ಲಿ ವೋಲ್ಟು ಇದೆಯೋ ಇಲ್ಲವೋ ಎಂಬುದನ್ನು ಓದಬಹುದು. ಕಿಸೆಯೊಳಗಿನ ಮೊಬೈಲು ಶಕ್ತಿಯಲ್ಲಿ ಇದಕ್ಕಿಂತ ಎಷ್ಟೋ ಮೇಲಾದುದೆಂಬುದು ನಿಜ. ಆದರೆ ಬಾವಿಯ ನೀರಿಗಾಗಲಿ, ಸ್ಟಾರ್ಟರ್ ಪೆಟ್ಟಿಗೆಯ ತಂತಿಗಾಗಲಿ, ಮಳೆಯ ಹನಿಗಾಗಲಿ ನೇರವಾಗಿ ತಾಗುವ ಬೆರಳುಗಳು ಅದಕ್ಕಿಲ್ಲ. ಮನೆಯ ಪ್ರಯೋಗಗಳೆಲ್ಲವೂ ಹುಟ್ಟುವುದು ಈ ಪಿನ್ನುಗಳಿಂದಲೇ.

ಪೇಟೆಯ ಪುಸ್ತಕಗಳು ಹೇಳುವ ಪ್ರಯೋಗಗಳಾದರೋ ಬೇರೆ ನಾಡಿನ ಮನೆಗಳಿಗಾಗಿ ಹುಟ್ಟಿದವು: ಕಿಟಕಿಯ ಪರದೆಯನ್ನು ತಾನಾಗಿ ಸರಿಸುವುದು, ಚಪ್ಪಾಳೆ ತಟ್ಟಿದರೆ ದೀಪ ಹತ್ತುವುದು, ಹೂಕುಂಡಕ್ಕೆ ಬಟ್ಟಲು ನೀರು ಹನಿಸುವುದು ಇತ್ಯಾದಿ. ನಮ್ಮ ಸೀಮೆಯ ಗೃಹಕೃತ್ಯವನ್ನು ಆಳುತ್ತಿರುವ ವಸ್ತು ಮತ್ತೊಂದಿದೆ. ಸಂಜೆ ಇಬ್ಬರು ರೈತರು ಎದುರುಬದುರಾದರೆ ಕುಶಲಪ್ರಶ್ನೆಗಿಂತ ಮೊದಲು ಬರುವುದು "ತ್ರೀ ಫೇಸ್ ಬಂತೇನ್ರೀ?" ಎಂಬ ಮಾತು. ಪಂಪಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ವಿದ್ಯುತ್ತನ್ನು ಕೊಡುವೆವೆಂದು ಸರಕಾರವು ಹೇಳುತ್ತ ಬಂದಿದೆ. ಆ ಗಂಟೆಗಳು ಹಗಲಿಗೂ ರಾತ್ರಿಗೂ ಪಾಳಿಯಂತೆ ಸರಿದಾಡುತ್ತಿರುತ್ತವೆ, ನಡುನಡುವೆ ಕಡಿಯುತ್ತವೆ, ಮತ್ತೆ ಬರುತ್ತವೆ. ಕಬ್ಬಿಗೆ ನೀರು ಹಾಯಿಸುವವನು ಕೈಬತ್ತಿಯನ್ನು ಹಿಡಿದು ಹಾವು ಚೇಳುಗಳ ನಡುವೆ ನಡುರಾತ್ರಿಯಲ್ಲಿ ಮಡಿಯಿಂದ ಮಡಿಗೆ ತಿರುಗುತ್ತಾನೆ. ತಿರುಗಲೊಲ್ಲದವನು ಸ್ಟಾರ್ಟರಿಗೆ ಆಟೋ ಹಾಕಿಸಿ ಮಲಗುತ್ತಾನೆ, ಕರೆಂಟು ಬಂದೊಡನೆ ಮೋಟಾರು ತಾನೇ ತಿರುಗಲಾರಂಭಿಸಿ, ಬೇಕಾದಲ್ಲಿಗೂ ಬೇಡವಾದಲ್ಲಿಗೂ ಸಮಾನವಾಗಿ ನೀರು ಹರಿದು, ಬೆಳಿಗ್ಗೆ ನೋಡಿದರೆ ತಗ್ಗಿನ ಹೊಲವು ಕೆರೆಯಾಗಿ ದಿಬ್ಬದ ಸಾಲು ಒಣಗಿಯೇ ಉಳಿದಿರುತ್ತದೆ. ಇದರಲ್ಲಿ ವಿಚಿತ್ರವಾದುದೇನೆಂದರೆ, ಇಷ್ಟು ಮಹತ್ತ್ವದ ಈ ವಸ್ತುವಿನ ಲೆಕ್ಕವು ಮನೆಯಲ್ಲಿ ಇಲ್ಲವೇ ಇಲ್ಲ. ಹಾಲಿನ ಲೆಕ್ಕವಿದೆ, ಕಬ್ಬಿನ ಟನ್ನಿನ ಚೀಟಿಯಿದೆ, ಸೊಸಾಯಿಟಿಯ ಬಾಕಿಯ ಪುಸ್ತಕವಿದೆ. ಆದರೆ 10 ಅಶ್ವಶಕ್ತಿಯವರೆಗಿನ ಪಂಪಸೆಟ್ಟಿಗೆ ವಿದ್ಯುತ್ ಶುಲ್ಕವಿಲ್ಲವಾದುದರಿಂದ ಬಿಲ್ಲಿಲ್ಲ, ಬಿಲ್ಲಿಲ್ಲವಾದುದರಿಂದ ದಾಖಲೆಯಿಲ್ಲ. ಕಳೆದ ತಿಂಗಳು ಎಷ್ಟು ಗಂಟೆ ಕರೆಂಟು ಬಂದಿತ್ತೆಂದು ಕೇಳಿದರೆ ಒಬ್ಬೊಬ್ಬರ ಉತ್ತರವೂ ಅವರವರ ಸಿಟ್ಟಿನ ಪ್ರಮಾಣದಲ್ಲಿರುತ್ತದೆ.

ಆದುದರಿಂದ ಈ ಫಲಕವನ್ನು ತಂದವನು ಮೊದಲು ಮಾಡತಕ್ಕ ಕೆಲಸವು ಕರೆಂಟಿನ ದಿನಚರಿಯನ್ನು ಬರೆಯಿಸುವುದೆಂದು ನನ್ನ ಮತ. ಅದರ ರಚನೆಯು ಸರಳವಾದದ್ದು. ಮೂರು ಫೇಸುಗಳಲ್ಲಿ ಒಂದೊಂದಕ್ಕೂ ನ್ಯೂಟ್ರಲಿಗೂ ನಡುವೆ ಒಳ್ಳೆಯ ತಯಾರಿಕೆಯ ಒಂದೊಂದು ಮೊಬೈಲ್ ಚಾರ್ಜರನ್ನು ಎಲೆಕ್ಟ್ರಿಷಿಯನ್ನನ ಕೈಯಿಂದ ಹಾಕಿಸಬೇಕು. ಕರೆಂಟು ಇರುವಷ್ಟು ಹೊತ್ತು ಅದರ ಬಾಯಲ್ಲಿ 5 ವೋಲ್ಟು ಬರುತ್ತದೆ. ಪಿನ್ನು ತಾಳುವುದು 3.3 ವೋಲ್ಟನ್ನು ಮಾತ್ರವಾದುದರಿಂದ 10 ಸಾವಿರ ಮತ್ತು 20 ಸಾವಿರ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ, ಎರಡನೆಯದರ ಮೇಲೆ ನಿಲ್ಲುವ ಮೂರನೆಯ ಎರಡು ಪಾಲನ್ನು ಮಾತ್ರ ಪಿನ್ನಿಗೆ ಕೊಡಬೇಕು. ಇಷ್ಟಾದ ಮೇಲೆ ಹತ್ತು ಸೆಕೆಂಡಿಗೊಮ್ಮೆ ಮೂರು ಪಿನ್ನುಗಳನ್ನೂ ಓದಿ, ಹಿಂದಿನ ಸ್ಥಿತಿಗೂ ಈಗಿನ ಸ್ಥಿತಿಗೂ ಭೇದವಿದ್ದರೆ ದಿನಾಂಕವನ್ನೂ ವೇಳೆಯನ್ನೂ ಕಡತದಲ್ಲಿ ಒಂದು ಸಾಲು ಬರೆಯೆಂದು ಆಜ್ಞಾಪಿಸುವುದಷ್ಟೇ ಉಳಿಯಿತು. ಪೈಥಾನ್ ಎಂಬ ಭಾಷೆಯಲ್ಲಿ ಇದು ಇಪ್ಪತ್ತು ಸಾಲುಗಳನ್ನು ಮೀರದು. ಆ ಭಾಷೆಯ ಮೂರನೆಯ ಆವೃತ್ತಿಯಲ್ಲಿ ಚರಪದಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಅವಕಾಶವಿರುವುದರಿಂದ ಹಳದಿಫೇಸ್, ನೀಲಿಫೇಸ್, ಬಂದವೇಳೆ ಎಂದು ಬರೆದರೂ ಯಂತ್ರವು ತಕರಾರು ಮಾಡುವುದಿಲ್ಲ. ಮನೆಯ ಹುಡುಗಿಯು ಬರೆದುದನ್ನು ಅಜ್ಜನೂ ಒಂದಿಷ್ಟು ಓದಿ ತಿಳಿಯಬಹುದು. ಚಾರ್ಜರು 100 ವೋಲ್ಟಿನಿಂದ 240ರವರೆಗೂ ಒಂದೇ ರೀತಿ ನಡೆಯುವುದರಿಂದ, ಕರೆಂಟು ಇದೆಯೆಂಬುದು ತಿಳಿಯುವುದೇ ಹೊರತು ಅದು ಡಿಮ್ಮಾಗಿದೆಯೇ ಎಂಬುದು ಇದರಿಂದ ತಿಳಿಯದು. ಕಂಡೆನ್ಸರು ಹಾಕಿ ಎರಡು ಫೇಸಿನಲ್ಲಿಯೇ ಮೋಟಾರು ನಡೆಸುವ ನೆರೆಯವರಿದ್ದರೆ ಇಲ್ಲದ ಮೂರನೆಯ ಫೇಸು ಇದ್ದಂತೆ ತೋರುವುದೂ ಉಂಟು. ವೋಲ್ಟೇಜನ್ನೇ ಅಳೆಯುವ ಚಿಕ್ಕ ಮೀಟರು ಪಟ್ಟಿಯನ್ನು ಕೊಂಡು ಜೋಡಿಸಿದವನಿಗೆ ಈ ಎರಡು ಸಂದೇಹಗಳೂ ಇರುವುದಿಲ್ಲ.

ದಿನಚರಿಯನ್ನು ಬರೆಯುವವನಿಗೆ ಮೊದಲು ವೇಳೆ ತಿಳಿದಿರಬೇಕಷ್ಟೆ. ಈ ಫಲಕದ ನಾಲ್ಕನೆಯ ಪೀಳಿಗೆಯವರೆಗೂ ಅದರಲ್ಲಿ ತನ್ನದೇ ಗಡಿಯಾರವಿರಲಿಲ್ಲ. ಜಾಲವಿದ್ದರೆ ಅಲ್ಲಿಂದ ಕೇಳಿ ತಿಳಿಯುವುದು, ಇಲ್ಲದಿದ್ದರೆ ಆರಿದಾಗಿನ ವೇಳೆಯನ್ನೇ ಎದ್ದಾಗಲೂ ನಂಬುವುದು ಅದರ ಸ್ವಭಾವ. ತೋಟದ ಮನೆಯಲ್ಲಿ ಜಾಲದ ಭರವಸೆಯೇನು? ಡಿ.ಎಸ್. 3231 ಎಂಬ ಗಡಿಯಾರದ ಚಿಪ್ಪನ್ನು ಗುಂಡಿಸೆಲ್ಲಿನೊಡನೆ ನಾಲ್ಕು ತಂತಿಗಳಲ್ಲಿ ಜೋಡಿಸಿದರೆ ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪುವ ವೇಳೆಯು ದೊರೆಯುತ್ತದೆ. ಇನ್ನು, ಕರೆಂಟು ಹೋದುದನ್ನು ಬರೆಯಬೇಕಾದವನು ಕರೆಂಟಿನೊಡನೆಯೇ ಮೂರ್ಛೆ ಹೋಗಬಾರದಲ್ಲವೆ! ಜೀರೋ ಜಾತಿಯ ಫಲಕವು ಸುಮಾರು 1 ವಾಟಿನಲ್ಲಿ ನಡೆಯುವುದರಿಂದ ದಿನಕ್ಕೆ 24 ವಾಟ್-ಗಂಟೆ ಸಾಕು. 12 ವೋಲ್ಟು, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿರುವುದು 84, ಅದರ ಆಯುಷ್ಯಕ್ಕಾಗಿ ಅರ್ಧವನ್ನೇ ಬಳಸತಕ್ಕದ್ದೆಂದಿಟ್ಟುಕೊಂಡರೂ, ವೋಲ್ಟು ಇಳಿಸುವಲ್ಲಿನ ನಷ್ಟವನ್ನು ಕಳೆದರೂ, ಒಂದೂವರೆ ದಿನ ನಿಶ್ಚಿಂತೆ. ಮೇಲೊಂದು ಸಣ್ಣ ಸೋಲಾರ್ ಹಲಗೆಯಿದ್ದರೆ ಆ ಮಾತನ್ನೇ ಮರೆಯಬಹುದು.

ಹೀಗೆ ಒಂದು ಬೇಸಿಗೆಯ ದಿನಚರಿಯು ಕೈಯಲ್ಲಿದ್ದವನಿಗೆ, ತನ್ನ ಲೈನಿಗೆ ಬಂದ ಗಂಟೆಗಳೆಷ್ಟು, ಅವು ಎಷ್ಟು ತುಂಡುಗಳಾಗಿ ಬಂದವು, ಎಡೆಬಿಡದೆ ಎರಡು ಗಂಟೆ ನಿಂತ ರಾತ್ರಿಗಳು ಯಾವುವು ಎಂಬುದು ಹಾಳೆಯ ಮೇಲೆ ಕಾಣುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಡಿಯುವ 7 ಗಂಟೆಗೂ ಒಂದೇ ಎಳೆಯಾಗಿ ಬರುವ 5 ಗಂಟೆಗೂ ನಡುವಿನ ಅಂತರವನ್ನು, ದೂರದ ಹೊಳೆಯ ಜಾಕ್‌ವೆಲ್ಲಿನಿಂದ ಪೈಪಿನಲ್ಲಿ ನೀರೆತ್ತುವ ಕಾಗವಾಡದ ಕಡೆಯ ರೈತನಿಗೆ ವಿವರಿಸಬೇಕಾಗಿಲ್ಲ. ಪೈಪು ತುಂಬಿ ಹೊಲದ ತುದಿಯಲ್ಲಿ ನೀರು ಬೀಳುವಷ್ಟರಲ್ಲಿಯೇ ಎಷ್ಟೋ ಸಲ ಕರೆಂಟು ಹೋಗಿರುತ್ತದೆ. ವಿದ್ಯುತ್ ಕಚೇರಿಗೆ ಅರ್ಜಿಯನ್ನು ಕೊಡುವವನು ದಿನಾಂಕ ಸಹಿತವಾದ ಪಟ್ಟಿಯನ್ನು ಲಗತ್ತಿಸಿದರೆ, ಲೈನು ಸರಿಯಾದೀತೆಂದು ನಾನು ಭರವಸೆ ಕೊಡಲಾರೆ. ಆದರೆ ಮಾತು ಸಿಟ್ಟಿನಿಂದ ಸಂಖ್ಯೆಗೆ ತಿರುಗುವುದು ನಿಶ್ಚಯ. ಹನಿ ನೀರಾವರಿಯವನಿಗೂ ಯಾವ ವಾಲ್ವನ್ನು ಎಷ್ಟು ಹೊತ್ತು ತೆರೆಯಬೇಕೆಂಬ ಲೆಕ್ಕಕ್ಕೆ ಇದು ಆಧಾರವಾಗುತ್ತದೆ.

ಎರಡನೆಯ ಪ್ರಯೋಗವು ಮನೆಯ ಮೇಲಿನ ಟಾಕಿಯದು. ಟಾಕಿ ತುಂಬಿದೊಡನೆ ನೀರು ನಿಲ್ಲುವಂತೆ ಮಾಡುವುದೇ ಉದ್ದೇಶವಾದರೆ ಪ್ಲಂಬರನ ಅಂಗಡಿಯ ಚೆಂಡಿನ ವಾಲ್ವು ಸಾಕು. ಅದಕ್ಕೆ ಗಣಕವನ್ನು ತರುವುದು ದುಂದು. ಆದರೆ ಮನೆಯ ಮಂದಿಗೂ ಕಟ್ಟಿದ ಎಮ್ಮೆಗಳಿಗೂ ದಿನಕ್ಕೆ ಎಷ್ಟು ನೀರು ಸಲ್ಲುತ್ತಿದೆ, ಎಲ್ಲಿಯಾದರೂ ಸೋರುತ್ತಿದೆಯೇ ಎಂದು ತಿಳಿಯಬೇಕಾದರೆ ಮಟ್ಟವನ್ನು ಅಳೆದು ಬರೆದಿಡಬೇಕು. ಅದಕ್ಕಾಗಿ ಟಾಕಿಯ ಮುಚ್ಚಳದ ಒಳಮೈಗೆ ಶ್ರವಣಾತೀತ ಧ್ವನಿಯ ಒಂದು ಚಿಕ್ಕ ಉಪಕರಣವನ್ನು ಕೆಳಮೊಗವಾಗಿ ಕೂರಿಸುತ್ತಾರೆ; ಅದು ನಮ್ಮ ಕಿವಿಗೆ ಕೇಳದ ಸದ್ದೊಂದನ್ನು ಕಳುಹಿ, ನೀರಿನ ಮೈಗೆ ತಾಗಿ ಮರಳಿದ ಪ್ರತಿಧ್ವನಿಗೆ ಹಿಡಿದ ಕಾಲವನ್ನು ತಿಳಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರು ಓಡುವುದರಿಂದ, ಒಂದು ಮೀಟರು ಕೆಳಗಿರುವ ನೀರಿಗೆ ಹೋಗಿಬರಲು ಸೆಕೆಂಡಿನ ಸಾವಿರದಲ್ಲಿ ಸುಮಾರು ಆರು ಭಾಗ ಬೇಕು. ಇಲ್ಲಿಯವರೆಗೆ ಪುಸ್ತಕದ ಮಾತು. ಅಥಣಿಯ ಏಪ್ರಿಲ್ ತಿಂಗಳಿನಲ್ಲಿ ಟಾಕಿಯೊಳಗಿನ ಗಾಳಿಯು 40 ಡಿಗ್ರಿಯಾದಾಗ ಸದ್ದಿನ ವೇಗವು ಸೆಕೆಂಡಿಗೆ 355 ಮೀಟರಿಗೆ ಏರುತ್ತದೆ. ಪುಸ್ತಕದ ವೇಗವನ್ನೇ ನೆಚ್ಚಿದವನಿಗೆ ಒಂದು ಮೀಟರಿನ ಅಂತರವು ಮೂರೂವರೆ ಸೆಂಟಿಮೀಟರು ಕಡಿಮೆಯಾಗಿ ತೋರುತ್ತದೆ. 110 ಸೆಂಟಿಮೀಟರು ಅಡ್ಡಳತೆಯ ಟಾಕಿಯಲ್ಲಿ ಒಂದು ಸೆಂಟಿಮೀಟರು ಎತ್ತರಕ್ಕೆ ಒಂಬತ್ತೂವರೆ ಲೀಟರು ನೀರು. ಅಂದರೆ ಮಧ್ಯಾಹ್ನವಾಗುತ್ತಿದ್ದಂತೆ ಎರಡು ಕೊಡಕ್ಕೂ ಮಿಗಿಲಾದ ನೀರು ಎಲ್ಲಿಂದಲೋ ಬಂದು ಸೇರಿದಂತೆ ಲೆಕ್ಕವು ಸುಳ್ಳು ಹೇಳುತ್ತದೆ. ಪಕ್ಕದಲ್ಲೊಂದು ಉಷ್ಣಮಾಪಕವನ್ನು ಇರಿಸಿ ವೇಗವನ್ನು ತಿದ್ದಿಕೊಂಡರೆ ಈ ದೋಷವು ಹೋಗುವುದು.

ಆದರೂ ಮತ್ತೊಂದು ತೊಡಕುಂಟು. ಈ ಗಣಕವು ಏಕಕಾಲದಲ್ಲಿ ಹತ್ತಾರು ಕೆಲಸಗಳನ್ನು ನೋಡಿಕೊಳ್ಳುವ ಲಿನಕ್ಸಿನ ಆಡಳಿತದಲ್ಲಿದೆ. ಪ್ರತಿಧ್ವನಿ ಬಂದ ಕ್ಷಣದಲ್ಲಿಯೇ ಅದು ಬೇರೆ ಕಡೆಗೆ ತಿರುಗಿದ್ದು, ಸೆಕೆಂಡಿನ ಸಾವಿರದ ಒಂದು ಭಾಗ ತಡವಾಗಿ ನೋಡಿತೆಂದರೆ 17 ಸೆಂಟಿಮೀಟರು ವ್ಯತ್ಯಾಸ ಬಿದ್ದುಹೋಯಿತು. ಹತ್ತು ಹನ್ನೊಂದು ಸಲ ಅಳೆದು, ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನದನ್ನು ಹಿಡಿಯುವುದು ಇದಕ್ಕೆ ಪರಿಹಾರ. ಇದಕ್ಕಿಂತ ಒಳ್ಳೆಯ ಪರಿಹಾರವೆಂದರೆ, 2021ರ ಜನವರಿಯಲ್ಲಿ 4 ಡಾಲರಿಗೆ ಬಂದ ಪೈಕೊ ಎಂಬ ತುಂಡನ್ನು ಟಾಕಿಯ ಬಳಿಯಲ್ಲಿಟ್ಟು ಅಳತೆಯನ್ನು ಅದಕ್ಕೆ ಒಪ್ಪಿಸುವುದು. ಅದು ಗಣಕವೆಂಬ ಹೆಸರಿಗೆ ಪಾತ್ರವಾದುದಲ್ಲ, ಒಂದೇ ಕೆಲಸವನ್ನು ಏಕಾಗ್ರವಾಗಿ ಮಾಡುವ ನಿಯಂತ್ರಕ. ಕರೆಂಟು ಹೋದರೆ ಸುಮ್ಮನಾಗಿ, ಬಂದೊಡನೆ ಏನೂ ಆಗದಂತೆ ಮುಂದುವರಿಯುತ್ತದೆ. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಇದೇ ವರ್ಗದ್ದು. ಅಳತೆಯು ನಿಜವಾಯಿತೆಂದ ಮೇಲೆ ಅದರಿಂದ ದೊರೆಯುವ ಮೊದಲ ಉಪಕಾರವು ರಾತ್ರಿಯದು: ಎಲ್ಲರೂ ಮಲಗಿರುವ ಹನ್ನೆರಡರಿಂದ ಐದರೊಳಗೆ ಮಟ್ಟವು ಎರಡು ಸೆಂಟಿಮೀಟರು ಇಳಿದಿದ್ದರೆ 19 ಲೀಟರು ನೀರು ಯಾವುದೋ ಸಂದಿಯಲ್ಲಿ ಹೋಗಿದೆಯೆಂದೇ ಅರ್ಥ.

ಮಳೆಯ ಅಳತೆಯು ಇದಕ್ಕಿಂತ ಸುಲಭ. ಈ ಐದು ತಾಲ್ಲೂಕುಗಳು ಹೆಸರಿಗೆ ಒಂದೇ ಸೀಮೆಯಾದರೂ ಸಹ್ಯಾದ್ರಿಗೆ ಹತ್ತಿರವಾದ ನಿಪ್ಪಾಣಿಯ ಮಳೆಯು ಪೂರ್ವಕ್ಕೆ ಸರಿದಂತೆ ಕ್ಷೀಣಿಸಿ ಅಥಣಿಯ ಎರೆಯಲ್ಲಿ ಬರದ ಭಯವಾಗಿ ಪರಿಣಮಿಸುತ್ತದೆ. ಒಂದೇ ಊರಿನ ಎರಡು ಹೊಲಗಳಲ್ಲಿಯೂ ಮುಂಗಾರಿನ ಅಡ್ಡಮಳೆಯು ಪಕ್ಷಪಾತ ಮಾಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ದೂರಸಂಪರ್ಕದ ಮಳೆಮಾಪಕಗಳನ್ನಿರಿಸಿರುವುದು ಶ್ಲಾಘ್ಯವಾದರೂ, ಪಂಚಾಯತಿಯಲ್ಲಿ ಬಿದ್ದ ಮಳೆಯು ನಮ್ಮ ಹೊಲದಲ್ಲಿಯೂ ಬಿದ್ದಿರಬೇಕೆಂಬ ನಿಯಮವಿಲ್ಲ. ಮನೆಯ ಮಾಪಕದಲ್ಲಿ ಆಲಿಕೆಯ ಕೆಳಗೆ, ಮಕ್ಕಳ ಏರಿಳಿಯಾಟದ ಹಲಗೆಯಂತೆ, ನಡುವೆ ಆನಿಕೆಯುಳ್ಳ ಎರಡು ಬಟ್ಟಲುಗಳಿರುತ್ತವೆ. ಒಂದು ತುಂಬಿ ಕೆಳಕ್ಕೆ ಬಾಗಿ ಚೆಲ್ಲಿದೊಡನೆ ಮತ್ತೊಂದು ಮೇಲೇರಿ ತುಂಬತೊಡಗುತ್ತದೆ, ಬಾಗಿದಾಗಲೊಮ್ಮೆ ಅಯಸ್ಕಾಂತವೊಂದು ಸ್ವಿಚ್ಚಿನ ಎದುರು ಹಾದು ಪಿನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು. ಆ ಗಣಿತದಂತೆ 16 ಸೆಂಟಿಮೀಟರು ಬಾಯಿಯ ಆಲಿಕೆಗೆ 0.2 ಮಿಲಿಮೀಟರು ಮಳೆಯು 4 ಮಿಲಿಲೀಟರು ನೀರಾಗುವುದರಿಂದ, ಔಷಧದ ಅಂಗಡಿಯಲ್ಲಿ ದೊರೆಯುವ ಸಿರಿಂಜಿನಿಂದ 4 ಮಿಲಿಲೀಟರು ಬಿಟ್ಟಾಗ ಬಟ್ಟಲು ಸರಿಯಾಗಿ ಬಾಗುವಂತೆ ಅದರ ಕೆಳಗಿನ ತಿರುಪನ್ನು ಹೊಂದಿಸಿಕೊಂಡರಾಯಿತು.

ಅಥಣಿಯ ತೆಲಸಂಗದ ಕಡೆಯ ಒಣದ್ರಾಕ್ಷಿಯ ಶೆಡ್ಡುಗಳವರಿಗೆ ಉಷ್ಣತೆ, ತೇವಾಂಶಗಳ ದಿನಚರಿಯು ಅತ್ಯುಪಯುಕ್ತ. ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಆಯಿಲಿನಲ್ಲಿ ಅದ್ದಿದ ಗೊಂಚಲುಗಳನ್ನು ಅಂತಸ್ತಂತಸ್ತಾದ ಬಲೆಗಳ ಮೇಲೆ ಹರವಿ ನೆರಳಿನಲ್ಲಿ ಎರಡು ಮೂರು ವಾರ ಒಣಗಿಸುವ ಆ ಕಾರ್ಯದಲ್ಲಿ, ಅಕಾಲದ ಮೋಡವೊಂದು ಕವಿದರೆ ಬಣ್ಣವೂ ಬೆಲೆಯೂ ಇಳಿಯುತ್ತವೆ. ಡಿ.ಎಸ್. 18ಬಿ20 ಎಂಬ ಉಷ್ಣಮಾಪಕಗಳು ಒಂದೊಂದೂ ತನ್ನದೇ ಆದ ಸಂಖ್ಯೆಯನ್ನು ಹೊತ್ತು ಹುಟ್ಟುವುದರಿಂದ ಒಂದೇ ಜೋಡಿ ತಂತಿಗೆ ಐದಾರನ್ನು ಪೋಣಿಸಿ, ಮೇಲಿನ ಬಲೆಗೂ ಕೆಳಗಿನ ಬಲೆಗೂ ಇರುವ ಅಂತರವನ್ನು ನೋಡಬಹುದು. ಬೆಲ್ಲದ ಗಾಣದಲ್ಲಿಯೂ ಇದನ್ನೇ ಕುದಿಯುವ ಕೊಪ್ಪರಿಗೆಗೆ ಇಳಿಬಿಡೋಣವೆಂದು ಯಾರಾದರೂ ಉತ್ಸಾಹಪಟ್ಟರೆ, ಬೆಲ್ಲದ ಹದವು 118 ಡಿಗ್ರಿಯ ಆಸುಪಾಸಿನದೆಂದೂ ಈ ಮಾಪಕದ ಮೇರೆಯು 125 ಎಂದೂ ನೆನಪಿಸಬೇಕಾಗುತ್ತದೆ. ಅಲ್ಲಿ ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಿನಲ್ಲಿ ಹಿಡಿದು ನೋಡುವ ಅನುಭವಿಯನ್ನೇ ನಾನು ನಂಬುವೆನು.

ಹೊಳೆಯ ವಿಚಾರದಲ್ಲಿ ಮಾತ್ರ ಉತ್ಸಾಹಕ್ಕೆ ಕಡಿವಾಣ ಬೇಕು. ಮಳೆಗಾಲದಲ್ಲಿ ಕೃಷ್ಣೆಯ ಕಲ್ಲೋಳ-ಯಡೂರ, ದೂಧಗಂಗೆಯ ಮಲಿಕವಾಡ-ದತ್ತವಾಡ, ವೇದಗಂಗೆಯ ಜತ್ರಾಟ-ಭಿವಶಿ, ಸಿದ್ನಾಳ-ಅಕ್ಕೋಳ ಸೇತುವೆಗಳು ಮುಳುಗುವುದೂ, ದಂಡೆಯ ರೈತರು ಮೋಟಾರುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸುವುದೂ ಇಲ್ಲಿನವರಿಗೆ ಪರಿಚಿತ. 2005ರ ಮತ್ತು 2019ರ ಮಹಾಪೂರಗಳನ್ನು ಮರೆತವರಿಲ್ಲ. ಅಳತೆಯ ಗುರುತುಗಳನ್ನು ಬರೆದ ಕಂಬವೊಂದನ್ನು ತನ್ನ ದಂಡೆಯಲ್ಲಿ ನೆಟ್ಟು, ಫಲಕಕ್ಕೆ ಜೋಡಿಸಿದ ಚಿಕ್ಕ ಕ್ಯಾಮೆರಾದಿಂದ ಗಂಟೆಗೊಮ್ಮೆ ಅದರ ಚಿತ್ರವನ್ನು ತೆಗೆದಿಟ್ಟುಕೊಂಡರೆ, ಮಹಾರಾಷ್ಟ್ರದ ರಾಜಾಪುರದ ಬ್ಯಾರೇಜಿನಿಂದ ಇಷ್ಟು ಸಾವಿರ ಕ್ಯೂಸೆಕ್ಸ್ ಬಿಟ್ಟಿದ್ದಾರೆಂಬ ವಾರ್ತೆಗೂ ತನ್ನ ಜಾಕ್‌ವೆಲ್ಲಿನ ಯಾವ ಮೆಟ್ಟಿಲು ಯಾವಾಗ ಮುಳುಗುವುದೆಂಬುದಕ್ಕೂ ನಡುವಿನ ಸಂಬಂಧವು ಎರಡು ಮೂರು ಮಳೆಗಾಲಗಳಲ್ಲಿ ಗೋಚರವಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರೆಂಬ ಗಣಿತಕ್ಕಿಂತ ಈ ಸಂಬಂಧವೇ ಅವನಿಗೆ ಬೇಕಾದದ್ದು. ಆದರೆ ಊರಿಗೆ ಎಚ್ಚರಿಕೆ ಕೊಡುವ ಕೆಲಸವನ್ನು ಈ ಪೆಟ್ಟಿಗೆಗೆ ವಹಿಸಕೂಡದು. ಒಂದು ತಂತಿ ಸಡಿಲವಾಗಿದ್ದುದರಿಂದ ಸುಮ್ಮನಿದ್ದ ಯಂತ್ರವನ್ನು ನಂಬಿ ಮಲಗಿದ ಮನೆಯ ಹೊಣೆಯನ್ನು ಯಾರು ಹೊರುವರು?

ಮನೆಯೊಳಗಿನ ಉಪಯೋಗಗಳೂ ಹಲವಿವೆ, ಹಳೆಯ ಟಿ.ವಿ.ಗೆ ಜೋಡಿಸಿದರೆ ಮಕ್ಕಳ ಓದಿಗೆ ಸಾಲುವ ಕಂಪ್ಯೂಟರಾಗುತ್ತದೆ, ಯೂನಿಕೋಡಿನ ಕನ್ನಡವು ಯಾವ ತೊಂದರೆಯೂ ಇಲ್ಲದೆ ಮೂಡುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಸಮಗ್ರವಾಗಿ ಕಾರ್ಡಿನಲ್ಲಿ ತುಂಬಿಕೊಂಡು, ಜಾಲದ ಹಂಗಿಲ್ಲದೆ ಮನೆಯ ವೈಫೈಯಲ್ಲಿಯೇ ನಾಲ್ಕಾರು ಮೊಬೈಲುಗಳಿಗೆ ಓದಲು ಒದಗಿಸಬಹುದು. ಚಿಕ್ಕೋಡಿ ನಿಪ್ಪಾಣಿಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಎಲ್ಲೆಲ್ಲಿಯೂ ಇಂತಹ ಫಲಕಗಳಿಂದ ಪ್ರಾಜೆಕ್ಟುಗಳನ್ನು ಕಟ್ಟುತ್ತಾರಾದರೂ, ಪರೀಕ್ಷಕರೆದುರು ಒಮ್ಮೆ ದೀಪವು ಮಿನುಗಿದ ಮೇಲೆ ಅವು ಬಹುಮಟ್ಟಿಗೆ ಕಪಾಟನ್ನು ಸೇರುತ್ತವೆ. ಅವುಗಳಲ್ಲಿ ನಾಲ್ಕಾದರೂ ಒಂದು ವರ್ಷ ತೋಟದಲ್ಲಿದ್ದು ಧೂಳು ಕುಡಿದರೆ ವಿದ್ಯಾರ್ಥಿಗೂ ಪರೀಕ್ಷಕನಿಗೂ ತಿಳಿಯುವುದು ಬಹಳ.

ಇಷ್ಟರವರೆಗೆ ಹೇಳಿದುದೆಲ್ಲವೂ ನೋಡುವ, ಬರೆಯುವ ಕೆಲಸಗಳು. ಮಾಡುವ ಕೆಲಸವನ್ನು ಬೇಕೆಂದೇ ಹಿಂದಕ್ಕಿಟ್ಟಿದ್ದೇನೆ. ಫಲಕವನ್ನು ಕೊಂಡ ಹುಡುಗನ ಮೊದಲ ಆಸೆಯು ಮೋಟಾರನ್ನು ಫೋನಿನಿಂದ ಶುರುಮಾಡುವುದೇ ಆಗಿರುತ್ತದೆ, ಅದಕ್ಕಾಗಿಯೇ ಮಾಡಿದ ಮೊಬೈಲ್ ಸ್ಟಾರ್ಟರುಗಳು ಪೇಟೆಯಲ್ಲಿಯೂ ದೊರೆಯುತ್ತವೆ. ಆದರೆ ಏಳೂವರೆ ಅಶ್ವಶಕ್ತಿಯ ಮೋಟಾರೆಂದರೆ 415 ವೋಲ್ಟಿನಲ್ಲಿ ಸುಮಾರು 11 ಆಂಪಿಯರನ್ನು ಎಳೆಯುವ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುವ ವಸ್ತು. ಫಲಕದ ಜೊತೆಗೆ ಮಾರುವ ನೀಲಿ ಬಣ್ಣದ ಪುಟ್ಟ ರಿಲೇ ಅದರ ಭಾರವನ್ನು ಹೊರಲಾರದು. ಅದು ಮಾಡಬಹುದಾದದ್ದೆಂದರೆ ಸ್ಟಾರ್ಟರಿನ ಹಸಿರು ಗುಂಡಿಯನ್ನು ಬೆರಳು ಒತ್ತುವ ಬದಲಾಗಿ ತಾನು ಒಂದು ಕ್ಷಣ ಮುಟ್ಟಿಸುವುದು, ಕೆಂಪು ಗುಂಡಿಯ ಬದಲಾಗಿ ತಾನು ಬಿಡಿಸುವುದು; ಓವರ್‌ಲೋಡಿನ ಕಾವಲು ಸ್ಟಾರ್ಟರಿನದಾಗಿಯೇ ಉಳಿಯಬೇಕು. ವೋಲ್ಟೇಜನ್ನೂ ಬಾವಿಯ ಮಟ್ಟವನ್ನೂ ಸೇರಿಸಿ ಕರೆಂಟಿನ ಆರು ತಿಂಗಳ ದಿನಚರಿಯನ್ನು ಬರೆದಿಟ್ಟವನಿಗೆ ಯಾವ ವೋಲ್ಟೇಜಿಗಿಂತ ಕೆಳಗೆ ಶುರುಮಾಡಬಾರದು, ಕರೆಂಟು ಬಂದ ಮೇಲೆ ಎಷ್ಟು ನಿಮಿಷ ಕಾಯಬೇಕು, ಎಷ್ಟು ಹೊತ್ತಿನಲ್ಲಿ ಬಾವಿಯು ಬತ್ತುವುದು ಎಂಬ ಸಂಗತಿಗಳು ತಿಳಿದಿರುತ್ತವೆ. ಆ ದಿನಚರಿಯಿಲ್ಲದವನು ಕಟ್ಟುವ ಯಂತ್ರವು ಬೆಲೆ ಹೆಚ್ಚಾದ ಆಟೋ ಅಲ್ಲದೆ ಬೇರೇನೂ ಆಗದು.

ಫಲಕದ ವೈರಿಗಳನ್ನೂ ಹೇಳಿಬಿಡಬೇಕು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಮೆಮೊರಿ ಕಾರ್ಡು ಕೆಡುತ್ತದೆ. ಆದುದರಿಂದ ಕಾರ್ಡನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿಡುವ ಅದರದೇ ಏರ್ಪಾಡನ್ನು ಬಳಸಿ, ದಿನಚರಿಯನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಬರೆಯಿಸುವುದು ಲೇಸು. ತಗಡಿನ ಶೆಡ್ಡಿನ ಕಾವು, ಬೆಚ್ಚಗಿರುವ ಮೂಲೆಯನ್ನು ಹುಡುಕಿಬರುವ ಹಲ್ಲಿ, ಇರುವೆ, ವೈಶಾಖದ ಸಿಡಿಲು ಇವು ಉಳಿದವು. ಸಿಡಿಲಿನ ಹೊತ್ತಿಗೆ ತಂತಿಯನ್ನು ಕಿತ್ತಿಡುವುದಕ್ಕಿಂತ ಮಿಗಿಲಾದ ರಕ್ಷಣೆಯು ಅಗ್ಗದಲ್ಲಿ ದೊರೆಯದು.

ಇವೆಲ್ಲಕ್ಕಿಂತ ಹೆಚ್ಚು ಯಂತ್ರಗಳು ಹಾಳಾಗುವುದು ಕಟ್ಟಿದವನು ಊರು ಬಿಟ್ಟಾಗ. ಮಗನು ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದ ಮೇಲೆ, ಮಿನುಗುವ ದೀಪವು ಆರಿದರೆ ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದೆ, ಪೆಟ್ಟಿಗೆಯು ಗೋಡೆಯ ಮೇಲೆ ವೃಥಾ ತೂಗುತ್ತದೆ. ಆದುದರಿಂದ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಒಂದು ಹಾಳೆಯನ್ನು ಅಂಟಿಸತಕ್ಕದ್ದು: ಯಾವ ಬಣ್ಣದ ತಂತಿಯು ಎಷ್ಟನೆಯ ಪಿನ್ನಿಗೆ, ಪಾಸ್‌ವರ್ಡು ಯಾವುದು, ನಿಲ್ಲಿಸುವ ಕ್ರಮವೇನು, ಕಾರ್ಡಿನ ನಕಲು ಮನೆಯಲ್ಲಿ ಎಲ್ಲಿದೆ, ಗುಂಡಿಸೆಲ್ಲನ್ನು ಯಾವ ವರ್ಷ ಹಾಕಿದ್ದು, ಇಷ್ಟನ್ನು ಸೀಸದ ಕಡ್ಡಿಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿರಬೇಕು; ಶಾಯಿಯಾದರೆ ಮಳೆಗಾಲದ ಥಂಡಿಗೆ ಹರಡುತ್ತದೆ. ಮೋಟಾರಿಗೆ ಜೋಡಿಸಿದ್ದರೆ, ಫಲಕವನ್ನು ಪೂರ್ತಿಯಾಗಿ ಬಿಟ್ಟು ಹಳೆಯ ರೀತಿಯಲ್ಲಿ ಕೈಯಿಂದಲೇ ಶುರುಮಾಡುವ ಸ್ವಿಚ್ಚೊಂದು ಹೊರಗೆ ಇರಬೇಕು, ಕತ್ತಲಲ್ಲಿ ತಡವಿದರೂ ತಿಳಿಯುವಷ್ಟು ದೊಡ್ಡದಾಗಿರಬೇಕು, ಮತ್ತು ಅದು ಎಲ್ಲಿದೆಯೆಂಬುದನ್ನು ತೋಟ ನೋಡಿಕೊಳ್ಳುವ ಆಳಿಗೂ ತೋರಿಸಿರಬೇಕು.